ದಾದೇಸಾಬನ ಪಾಳಿ

ವಾಯ್ಸ್ ನೋಟ್
ನವೆಂಬರ್ ೧೮, ಸೋಮವಾರ

…ಕಡೀಕ ಮಕ್ತುಮ್‌ಸಾಬನ್ನೂ ಆ ಕಡೆಗೇ ಹಾಕಿದ್ರು ಭಾರತಿ, ನನ್ನ ಒಂದು ಮಾತು ಕೇಳಲಿಲ್ಲ. ಮುಂಜಾನಿ ಬೋಟ್ ತಡ ಆತು. ಬಂದ ಸಿಮೆಂಟ್‌ನಾಗ ತಳದ ಚೀಲ ತೊಯ್ದು ಕಲ್ಲಾಗಿದ್ವು, ಅವನ್ನ ಬ್ಯಾರೆ ಮಾಡಾಕತ್ತಿದ್ದೆ. ಮೈಯೆಲ್ಲಾ ಉಪ್ಪು, ಉರಿ. ಅಷ್ಟರಾಗ ಎಂಜಿನಿಯರ್ ಕರೆದು, ಇವತ್ತಿಂದ ಎರಡು ಗ್ಯಾಂಗ್, ಒಂದಕ್ಕ ನೀ ಮೇಸ್ತ್ರಿ, ಇನ್ನೊಂದಕ್ಕ ದಾದೇಸಾಬ ಅಂದ. ಚಾ ಕುಡಿ ಅಂದಂಗ ಅಂದ.

ದಾದೇಸಾಬ ಯಾರು? ಮಸ್ಕಿಯಾಗ ಮಂದಿ ಗ್ವಾಡಿಗೆ ಗಿಲಾವ್ ಮಾಡ್ಕೋತ ಇದ್ದವ. ಏಜೆಂಟ್‌ಗ ಅವನ ಹೆಸರು ಹೇಳಿದವ ನಾನು. ಪಾಸ್‌ಪೋರ್ಟ್ ಫೋಟೋಕ್ಕ ನನ್ನ ಅಂಗಿ ಕೊಟ್ಟವ ನಾನು. ಇವತ್ತಿಗೂ ಅವನ ಪಾಸ್‌ಪೋರ್ಟ್‌ನಾಗ ನನ್ನ ಅಂಗಿನೇ ಐತಿ. ವಿಮಾನದಾಗ ಬೆಲ್ಟ್ ಹಾಕಿ ಕೂಡ್ರಿಸಿದೆ. ಈ ಮಾಲ್ಡೀವ್ಸ್ ನಡುಗಡ್ಡಿಗೆ ಇಳಿದ ದಿನ ಸಮುದ್ರ ನೋಡಿ, ‘ಇಷ್ಟು ನೀರು ಯಾರದಲೇ ಭೀಮೇಶ?’ ಅಂತ ಕೇಳಿದ್ದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕಿದ್ವಿ. ಈಗ ಅವ ಮೇಸ್ತ್ರಿ, ನನ್ನ ಸರಿಸಮ.

ಅದೂ ನನ್ನ ಗ್ಯಾಂಗ್ ಸೀಳಿ. ಮಸ್ಕಿ, ಲಿಂಗಸುಗೂರಿನವರು ಅವನ ಕಡೆ, ಮುಕ್ಕುಂದ, ಸಾಲಗುಂದದವರು ನನ್ನ ಕಡೆ. ಅಷ್ಟಾದ್ರ ಸಹಿಸ್ಕೋತಿದ್ದೆ. ಮಕ್ತುಮ್‌ಸಾಬ ನಿಮ್ಮ ಸಾಲಗುಂದದವನೇ ಅಲ್ಲೇನು? ಕಾಂಕ್ರೀಟ್ ಸುರಿದ ಕೂಡ್ಲೇ ವೈಬ್ರೇಟರ್ ಒಳಗಿಳಿಸಿ ಗಾಳಿ ಹೊರಗ ತೆಗೀಬೇಕು, ಇಲ್ಲಾಂದ್ರ ಒಳಗೆಲ್ಲಾ ತೂತು. ಆ ಕೈ ಈ ಗಡ್ಡಿಯಾಗ ಅವಂದೊಂದೇ. ಅವನೇ ಹೋಗಿ ಕೇಳ್ಕೊಂಡನಂತ, ನನ್ನ ದಾದೇಸಾಬನ ಗ್ಯಾಂಗಿಗೆ ಹಾಕ್ರಿ ಅಂತ. ಯಾಕ ಅಂತ ನಾ ಕೇಳಲಿಲ್ಲ. ಕೇಳಿದ್ರ ಹೇಳಿಬಿಡ್ತಾನಂತ ಕೇಳಲಿಲ್ಲ.

ಕಾಂಕ್ರೀಟ್ ಸುರಿಯೋ ದಿನ ಎಲ್ಲಾರ ಫೋನೂ ಮೇಸ್ತ್ರಿ ಬಕೆಟ್‌ನಾಗ ಹಾಕಬೇಕು, ನಿನಗ ಗೊತ್ತೈತಿ. ಯಾರ ಮನಿಯಿಂದ ಫೋನ್ ಬಂದ್ರೂ ಮೇಸ್ತ್ರಿನೇ ಎತ್ತೋದು. ದಾದೇಸಾಬನ ಹೆಂಡ್ತಿ ಮೆಹರಬಾನು ಫೋನ್ ಮಾಡಿದಾಗೆಲ್ಲಾ ನಾನೇ ಎತ್ತಿ, ‘ಇನ್ನ ಅರ್ಧ ತಾಸು ತಂಗಿ’ ಅಂತಿದ್ದೆ. ಇವತ್ತು ಅವ ಸ್ಟೋರ್‌ನ್ಯಾಗ ಹೋಗಿ ತನಗೂ ಒಂದು ಬಕೆಟ್ ತಂದಾನ. ಹೊಸಾದು.

ಮುಂದ ಜೆಟ್ಟಿ ಐತಿ. ಬೋಟ್ ಬಂದು ಹತ್ತೋ ಕಟ್ಟಿ, ಸಮುದ್ರದ ಒಳಗ ಹೋಗಿ ನಿಲ್ತೈತಿ. ಅದಕ್ಕ ಒಬ್ಬನೇ ಮೇಸ್ತ್ರಿ. ಮೊದಲ ಆಳಿನ ಕ್ವಾರ್ಟರ್ಸಿಗೆ ಎರಡು ಸ್ಲ್ಯಾಬ್ ಹಾಕ್ಬೇಕು, ನಂದೊಂದು, ಅವಂದೊಂದು. ಯಾರ ಸ್ಲ್ಯಾಬ್ ಚೊಕ್ಕ ಬರ್ತೈತಿ ಜೆಟ್ಟಿ ಅವಂದು, ಇನ್ನೊಬ್ಬ ಅವನ ಕೈಕೆಳಗ. ನಾ ಅವನ ಕೈಕೆಳಗ ನಿಂದ್ರಂಗಿಲ್ಲ ಭಾರತಿ. ಇದೊಂದು ತಿಳ್ಕೋ.

ಸೊಳ್ಳಿ ಕಡಿಯಾಕತ್ತಾವು, ಇಡ್ತೀನಿ.
ನಿನ್ನ ಭೀಮೇಶ


ನವೆಂಬರ್ ೨೧, ಗುರುವಾರ
ಮಸ್ಕಿ ಬಸ್‌ಸ್ಟ್ಯಾಂಡ್

ರೀ,

ನಿಮ್ಮ ಮಾತನ್ನು ಎರಡು ಸಲ ಕೇಳಿದೆ. ಡ್ರೈವರ್ ಚಹಾಕ್ಕೆ ಇಳಿದಿದ್ದಾರೆ. ಈ ಗದ್ದಲದಲ್ಲಿ ನನಗೆ ನಿಮ್ಮ ಹಾಗೆ ಮಾತಾಡಿ ಕಳಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಬರೆಯಲು ಕೂತರೆ ಕೈ ತಾನಾಗಿ ಬಿ.ಎ. ಓದಿದ ಕನ್ನಡಕ್ಕೆ ಹೋಗುತ್ತದೆ. ನಗಬೇಡಿ.

ಸಿಂಧನೂರು ದಾಟಿದರೆ ಅರ್ಧ ರಸ್ತೆಗೆ ಭತ್ತ ಹರವಿದ್ದಾರೆ. ಬಸ್ಸು ತೆವಳುತ್ತದೆ, ಲಿಂಗಸುಗೂರು ಮುಟ್ಟುವಷ್ಟರಲ್ಲಿ ಪ್ರಯಾಣಿಕರು ಕಂಡಕ್ಟರ್ ಎಂದು ನನ್ನನ್ನೇ ಬೈಯುತ್ತಾರೆ, ಭತ್ತ ನಾನೇ ಸುರಿದ ಹಾಗೆ.

ಮೆಹರಬಾನು ನಿನ್ನೆ ನನ್ನ ಬಸ್ಸಿಗೇ ಹತ್ತಿದ್ದಳು, ತವರಿಗೆ ಹೊರಟಿದ್ದಳು. ಕೂಡುವ ಮೊದಲೇ ಫೋನು ತೆಗೆದು ಗಂಡನ ಫೋಟೋ ತೋರಿಸಿದಳು. ಅವರು ತಲೆಗೆ ಹೆಲ್ಮೆಟ್ ಹಾಕಿ, ಕೈಯಲ್ಲಿ ಒಂದು ಹಸಿರು ಬಕೆಟ್ ಹಿಡಿದು, ಮದುಮಗನ ಹಾಗೆ ನಿಂತಿದ್ದರು. ‘ನಿಮ್ಮನಿಯಾರು ಕರಕೊಂಡು ಹೋಗದಿದ್ರ ನಮ್ಮಾರು ಇನ್ನಾ ಕರಣಿ ಹಿಡಕೊಂಡು ಓಣಿ ಓಣಿ ತಿರಗತಿದ್ರು ಅಕ್ಕಾ’ ಎಂದಳು. ಟಿಕೆಟ್ ಹರಿಯುವಾಗ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಹೊಟ್ಟೆಕಿಚ್ಚಿಗೂ ಟಿಕೆಟ್ ಇರುವುದಾಗಿದ್ದರೆ ನಿಮಗೆ ತಿಂಗಳ ಪಾಸೇ ಮಾಡಿಸಬೇಕಾಗುತ್ತಿತ್ತು. ಅವರ ಬಕೆಟ್ ಹಸಿರು. ನಿಮ್ಮದು ಯಾವ ಬಣ್ಣ?

ಡ್ರೈವರ್ ಹಾರ್ನ್ ಹಾಕುತ್ತಿದ್ದಾರೆ.
ಭಾರತಿ


ವಾಯ್ಸ್ ನೋಟ್
ಡಿಸೆಂಬರ್ ೧೨, ಗುರುವಾರ

ನಂದು ಕೆಂಪು. ಹಿಡಿಕಿ ಮುರದೈತಿ, ತಂತಿ ಕಟ್ಟೀನಿ. ಅವನ ಫೋಟೋ ನೋಡಿ ಬಕೆಟ್ ಬಣ್ಣ ಕೇಳ್ತಿ, ನನ್ನ ಸ್ಲ್ಯಾಬ್ ಹೆಂಗ ಬಂತಂತ ಕೇಳಲಿಲ್ಲ. ಇರಲಿ.

ಎರಡೂ ಸ್ಲ್ಯಾಬ್ ಮುಗದಾವು. ಮಂಗಳವಾರ ನಂದು, ಬುಧವಾರ ಅವಂದು. ಈಗ ನೀರು ಉಣಿಸೋ ಕೆಲಸ. ಹೊಸ ಕಾಂಕ್ರೀಟ್ ಹಸಗೂಸು ಇದ್ದಂಗ, ಒಣಗಾಕ ಬಿಟ್ರ ಬಿರುಕು ಬೀಳ್ತೈತಿ. ನಾವು ಕಾಲವಿ ನೀರಿನ ಮಂದಿ. ಯಾರೂ ಹೇಳಲಿಲ್ಲ, ನಮ್ಮ ಹುಡುಗರು ಸ್ಲ್ಯಾಬ್ ಮ್ಯಾಲ ಗಿಲಾವಿನ ಒಡ್ಡು ಕಟ್ಟಿ ಮಡಿ ಮಾಡಿಬಿಟ್ರು, ಭತ್ತದ ಗದ್ದಿ ಇದ್ದಂಗ. ನೀರು ತುಂಬಿಸಿದ್ರ ಅದರಾಗ ಮುಗಲು ಕಾಣ್ತೈತಿ. ನೋಡಿದ್ರ ನೀನೂ ನಾಟಿ ಹಚ್ಚಾಕ ಇಳೀತಿದ್ದಿ.

ಅವನ ಕಡೆ ಗೋಣಿ ತಟ್ಟು. ಸ್ಲ್ಯಾಬ್ ತುಂಬಾ ತಟ್ಟು ಹಾಸಿ, ತೊಯ್ಸಿ, ಪೈಪಿನಿಂದ ಸಣ್ಣಗ ನೀರು ಬಿಟ್ಟು ಕುಂತಾನ. ಕಾಲವಿ ಇಲ್ಲದ ಊರಾಗ ಕೊಡ ಹೊತ್ತು ಬೆಳೆದ ಮಂದಿ, ನೀರಿಗೆ ಜೀವ ಬಿಡ್ತಾರ. ಇಲ್ಲಿ ಸಿಹಿನೀರು ಮಷಿನ್‌ನಾಗ ಆಗ್ತೈತಿ, ದಿನಕ್ಕ ಒಂದು ಟಾಂಕಿ ಅಷ್ಟ. ಕುಡಿಯಾಕ, ಅನ್ನಕ್ಕ, ಸ್ಲ್ಯಾಬಿಗೆ ಎಲ್ಲಾ ಅದೇ ಟಾಂಕಿ. ಬುಡಕ ಒಂದು ವಾಲ್ವ್. ಹಿಡಿಕಿ ಈ ಕಡೆ ತಿರುವಿದ್ರ ನನ್ನ ಸ್ಲ್ಯಾಬಿಗೆ, ಆ ಕಡೆ ತಿರುವಿದ್ರ ಅವನ ಸ್ಲ್ಯಾಬಿಗೆ. ಮುಂಜಾನಿ ನನ್ನ ಪಾಳಿ, ಮಧ್ಯಾಹ್ನ ಅವನ ಪಾಳಿ. ಅವ ತನ್ನ ಪಾಳಿ ನೀರು ಅರ್ಧನೂ ತಗೊಳಂಗಿಲ್ಲ. ನನ್ನ ಮಡಿ ಬಿಸಿಲಿಗೆ, ಗಾಳಿಗೆ ಸಂಜಿಕ ತಳ ಕಾಣ್ತಾವು.

ಇವತ್ತು ಎಂಜಿನಿಯರ್ ಬಂದು ನನ್ನ ಮಡಿ ನೋಡಿ, ಅವನ ತಟ್ಟು ನೋಡಿ, ನನಗ ಹೇಳ್ತಾನ: ಅವನ ಹತ್ರ ಕಲ್ತುಕೋ. ಎಲ್ಲಾರ ಮುಂದ. ದಾದೇಸಾಬ ಹಲ್ಲು ಕಿಸಿಲಿಲ್ಲ, ಅದೊಂದು ಬ್ಯಾರೆ. ನಕ್ಕಿದ್ರ ಚೊಲೋ ಇತ್ತು. ‘ಭೀಮೇಶಂದು ಹೆಚ್ಚು ಗಟ್ಟಿ ಬರ್ತೈತಿ ಸರ್, ನೀರು ನಿಂತಿದ್ದೇ ಒಳ್ಳೇದು’ ಅಂತ ನನ್ನ ಪರ ಮಾತಾಡಿದ. ಯಾರು ಕೇಳಿದ್ರು ಅವನ್ನ?

ರಾತ್ರಿ ಊಟಕ್ಕ ಆ ಕಡೆ ನಗು, ಹಾಡು. ನನ್ನ ಹುಡುಗರೂ ತಾಟು ಹಿಡಕೊಂಡು ಅಲ್ಲೇ ಹೋಗಿ ಕುಂದರ್ತಾರ.

ನಾಳೆ ಶುಕ್ರವಾರ, ಇಲ್ಲಿ ಸೂಟಿ. ನಿಂದೂ ವಾರದ ರಜಾ ಅಂದಿದ್ದಿ. ಮಧ್ಯಾಹ್ನ ಫೋನ್ ಮಾಡು. ಭಾಳ ದಿನ ಆತು ಸುಮ್ಮನ ಮಾತಾಡಿ. ಅವನ ಸುದ್ದಿ ತೆಗೆಯಂಗಿಲ್ಲ, ಆಣಿ.

ಭೀಮೇಶ


ವಾಯ್ಸ್ ನೋಟ್
ಡಿಸೆಂಬರ್ ೧೬, ಸೋಮವಾರ

ಜೆಟ್ಟಿ ನಂದು ಭಾರತಿ! ಮೊದಲು ಅದನ್ನ ಕೇಳು, ಉಳಿದಿದ್ದು ಆಮ್ಯಾಲ. ಇವತ್ತು ಮುಂಜಾನಿ ಎಂಜಿನಿಯರ್ ನಕ್ಷಿ ನನ್ನ ಕೈಗೆ ಕೊಟ್ಟ. ಎರಡೂ ಗ್ಯಾಂಗ್ ಒಂದ ಮಾಡ್ಯಾರ. ಮಕ್ತುಮ್‌ಸಾಬನೂ ಹೊಳ್ಳಿ ಬಂದಾನ.

ಶುಕ್ರವಾರ ಗದ್ದಲ ಆತು. ನಿನಗ ಫೋನ್‌ನಾಗ ಹೇಳಲಿಲ್ಲ, ಆವಾಗ ಇನ್ನಾ ಗೊತ್ತಿದ್ದಿಲ್ಲ. ಮಧ್ಯಾಹ್ನ ದಾದೇಸಾಬ ಪಕ್ಕದ ಗಡ್ಡಿ ಮಸೀದಿಗೆ ಜುಮ್ಮಾ ನಮಾಜಿಗೆ ಹೋಗಿದ್ದ. ಅವನ ಪಾಳಿ, ಪೈಪಿನಾಗ ಸಣ್ಣಗ ನೀರು ಬಿಟ್ಟು ಹೋಗಿದ್ನಂತ. ಬೋಟ್ ಹೊಳ್ಳಿ ಬರೋದು ತಡ ಆತು. ಬಂದು ನೋಡೋದ್ರಾಗ ಟಾಂಕಿ ಖಾಲಿ. ಸಂಜಿಕ ಅನ್ನಕ್ಕಿಲ್ಲ, ಕುಡಿಯಾಕಿಲ್ಲ. ಮಂದಿಯೆಲ್ಲಾ ಬಿಸ್ಕಿಟ್ ತಿಂದು ಒಣ ಬಾಯಿಲೇ ಮಲಗಿದ್ರು. ಅವನ ತಟ್ಟು ಒಣಗಿ ಗಾಳಿಗೆ ಹಾರಿದ್ವು, ಸ್ಲ್ಯಾಬಿಗೆ ಕೂದಲೆಳಿಯಂಥ ಬಿರುಕು ಬಿದ್ದಾವು. ತಟ್ಟು ಹಾರಿದ ಮ್ಯಾಲ ನೀರು ನಿಲ್ಲದಂಗಾಗಿ ಸಮುದ್ರಕ್ಕ ಹರದೈತಿ ಅಂತ ಎಂಜಿನಿಯರ್ ಅಂದ. ವಾಲ್ವ್ ಪೂರಾ ತಿರುವಿಟ್ಟು ಹೋಗಿದ್ದಿ ಅಂದ. ದಾದೇಸಾಬ, ‘ನಾ ಸಣ್ಣಗ ಬಿಟ್ಟಿದ್ದೆ ಸರ್’ ಅಂತ ಒಂದೇ ಸಲ ಅಂದ.

ಅವನ್ನ ಊರಿಗೆ ಕಳಸ್ತಾರ. ಜನವರಿ ಹತ್ತರ ಬೋಟಿಗೆ. ಪಾಪ ಅನ್ಸ್ತೈತಿ, ಇಲ್ಲಂತಲ್ಲ. ಆದ್ರ ಕೆಲಸ ಅಂದ್ರ ಕೆಲಸ. ಪಾಳಿ ಅವಂದಿತ್ತು.

ಒಂದು ತಿಳಿವಲ್ದು. ಈಗೂ ನನ್ನ ಹುಡುಗರು ಅವನ ಹತ್ರನೇ ಹೋಗಿ ಉಣ್ತಾರ. ಕೆಲಸ ಹೋದವನ ಸುತ್ತ ಯಾಕ ಕುಂದರಬೇಕು ಇವರು?

ಮುಕ್ಕುಂದಕ್ಕ ಹೋದಾಗ ಅವ್ವಗ ಹೇಳು, ಮಗ ಜೆಟ್ಟಿ ಮೇಸ್ತ್ರಿ ಆಗ್ಯಾನಂತ.

ನಿನ್ನ ಭೀಮೇಶ


ಡಿಸೆಂಬರ್ ೧೯, ಗುರುವಾರ
ಸಿಂಧನೂರು

ರೀ,

ಅತ್ತೆಗೆ ಹೇಳಿದೆ. ಓಣಿಗೆಲ್ಲ ಸಕ್ಕರೆ ಹಂಚಿದರು.

ಮೆಹರಬಾನು ಮಂಗಳವಾರ ಲಿಂಗಸುಗೂರಿನಲ್ಲಿ ಹತ್ತಿದಳು. ಈ ಸಲ ಫೋನು ತೆಗೆಯಲಿಲ್ಲ. ಕಂಡಕ್ಟರ್ ಸೀಟಿನ ಪಕ್ಕ ನಿಂತೇ ಬಂದಳು, ಜಾಗವಿದ್ದರೂ ಕೂಡಲಿಲ್ಲ. ಮಸ್ಕಿ ಬಂದಾಗ ಇಳಿಯುವ ಮೊದಲು ಹೇಳಿದಳು: ‘ನಮ್ಮಾರು ಮುಖ ತೊಳಿಯಾಕ ಒಂದು ತಂಬಿಗಿ ಮ್ಯಾಲ ಇನ್ನೊಂದು ತಗೊಂಡವರಲ್ಲಕ್ಕಾ. ಅಷ್ಟು ನೀರು ಹೆಂಗ ಬಿಟ್ಟಾರು?’ ನಾನು ಸೀಟಿ ಊದಿದೆ. ಬೇರೆ ಏನು ಮಾಡಲಿ?

ಆ ಶುಕ್ರವಾರದ ಫೋನು ನನಗೆ ಚೆನ್ನಾಗಿ ನೆನಪಿದೆ. ಎಷ್ಟೋ ತಿಂಗಳ ಮೇಲೆ ನೀವು ಅಷ್ಟು ಹೊತ್ತು ಮಾತಾಡಿದಿರಿ. ನಮ್ಮ ಮದುವೆಯ ದಿನ ಟ್ರ್ಯಾಕ್ಟರ್ ಕೆಸರಲ್ಲಿ ಸಿಕ್ಕಿಬಿದ್ದಿದ್ದನ್ನು ನೆನೆಸಿ ನಗಿಸಿದಿರಿ. ಆಡಿದ ಮಾತಿನಂತೆ ಅವರ ಸುದ್ದಿ ತೆಗೆಯಲಿಲ್ಲ. ನಡುವೆ ನಾನು, ಅದೇನು ಸಪ್ಪಳ ಎಂದು ಕೇಳಿದೆ. ಸಮುದ್ರ ಎಂದಿರಿ.

ನಾನು ಸಮುದ್ರ ನೋಡಿದವಳಲ್ಲ. ಆದರೆ ಸಾಲಗುಂದದಲ್ಲಿ ಹುಟ್ಟಿದವಳು. ನಮ್ಮ ಅಪ್ಪ ಕಾಲುವೆಯ ಪಾಳಿ ಬಂದಾಗ ನನ್ನನ್ನು ಒಡ್ಡಿನ ಮೇಲೆ ಕೂಡಿಸಿ ಹೋಗುತ್ತಿದ್ದ. ಮಡಿ ತುಂಬಿ ಒಡ್ಡಿನ ಮೇಲಿಂದ ನೀರು ಕೆಳಗೆ ಬಿದ್ದರೆ ಕೂಗಬೇಕು, ಅಷ್ಟೇ ನನ್ನ ಕೆಲಸ. ಕಣ್ಣು ಮುಚ್ಚಿಕೊಂಡು ಕೂತರೂ ತಪ್ಪುತ್ತಿರಲಿಲ್ಲ. ಅಲೆ ಬಂದು ಬಂದು ಹೋಗುತ್ತದಂತೆ. ನಾನು ಕೇಳಿದ ಸಪ್ಪಳ ಬರಲೂ ಇಲ್ಲ, ಹೋಗಲೂ ಇಲ್ಲ. ಒಂದೇ ಸಮ ಬೀಳುತ್ತಿತ್ತು.

ಸಮುದ್ರವೂ ಹಾಗೆ ಇರಬಹುದು. ನೀವು ನೋಡಿದವರು.

ಭಾರತಿ


ವಾಯ್ಸ್ ನೋಟ್
ಡಿಸೆಂಬರ್ ೨೩, ಸೋಮವಾರ

ಅಂದ್ರ ಏನು ನಿನ್ನ ಮಾತಿನ ಅರ್ಥ? ಬಿಚ್ಚಿ ಹೇಳು. ಬಸ್ಸಿನಾಗ ಒಂದು ಹೆಣ್ಮಗಳು ಕಣ್ಣೀರು ಹಾಕಿದ್ಲಂತ ಗಂಡನ್ನ ಕಟಕಟಿಯಾಗ ನಿಂದ್ರಸ್ತಿ ಏನು? ಇಲ್ಲಿ ಇಡೀ ಗಡ್ಡಿ ಅವನ ಕಡೆ. ಮಕ್ತುಮ್‌ಸಾಬ ಅವನ ಕಡೆ, ಅಡಿಗಿ ಮಾಡೋವ ಅವನ ಕಡೆ. ನೀ ಒಬ್ಬಾಕಿ ನನ್ನಾಕಿ ಅಂತಿದ್ದೆ. ನಿನ್ನನ್ನೂ ಅವ ಕೂತಲ್ಲಿಂದನೇ ತಗೊಂಡ.

ಏನ್ ಐತಿ ಅವನ ಹತ್ರ? ನನಗಿಂತ ಚೊಲೋ ಕೆಲಸ ಬರ್ತೈತಿ? ಇಲ್ಲ. ನನಗಿಂತ ಓದ್ಯಾನ? ಇಲ್ಲ. ಮತ್ತ ಯಾಕ ಎಲ್ಲಾರೂ ಅವನ ಹತ್ರ ಹೋಗಿ ಕುಂದರ್ತೀರಿ?

ಸಮುದ್ರದ ಸಪ್ಪಳನೇ ಅದು. ಮುಗೀತು.

ಭೀಮೇಶ


ಜನವರಿ ೮, ಬುಧವಾರ
ಸಾಲಗುಂದ

ರೀ,

ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಟ್ಟಿದ್ದಾರೆ. ರಜೆ ಹಾಕಿ ತವರಿಗೆ ಬಂದಿದ್ದೇನೆ. ಇವತ್ತು ನಮ್ಮ ಮಡಿ ತುಂಬಿತು. ಒಡ್ಡಿನ ಮೇಲೆ ಫೋನು ಹಿಡಿದು ಸಪ್ಪಳ ರೆಕಾರ್ಡ್ ಮಾಡಿದ್ದೇನೆ. ಇದರ ಕೆಳಗೆ ಇದೆ, ಕೇಳಿ.

ಬೇರೆ ಏನೂ ಬರೆಯುವುದಿಲ್ಲ.

ಭಾರತಿ


ವಾಯ್ಸ್ ನೋಟ್
ಜನವರಿ ೯, ಗುರುವಾರ

ನಿನ್ನಿ ಊಟದ ಹೊತ್ತಿನಾಗ ಬಂತು ನಿಂದು. ಎಲ್ಲಾರೂ ಸಾಲಿಗೆ ಕುಂತಿದ್ವಿ. ನೀ ಏನೋ ಮಾತಾಡಿ ಕಳಿಸಿದ್ದಿ ಅಂತ ಒತ್ತಿದೆ, ಜೋರಾಗೇ ಬಂತು. ನೀರು ಬೀಳಾಕತ್ತಿತು. ಮಕ್ತುಮ್‌ಸಾಬ ಅನ್ನ ಕಲಸೋದು ಬಿಟ್ಟು, ‘ಯಾರದೋ ಮಡಿ ತುಂಬಿ ಹೊಂಟೈತಿ’ ಅಂದ. ನಮ್ಮ ಮುಕ್ಕುಂದದವರು ಒಬ್ಬೊಬ್ಬರೇ ತಲಿ ಎತ್ತಿದ್ರು. ಯಾರೂ ಸಮುದ್ರ ಅನ್ನಲಿಲ್ಲ ಭಾರತಿ. ಸಮುದ್ರ ಅಲ್ಲೇ ಹಿಂದ ಇತ್ತು, ಬಡಕೊಳ್ಳಾಕತ್ತಿತ್ತು.

ದಾದೇಸಾಬ ಬಾಗಿಲ ಹತ್ರ ತನ್ನ ಚೀಲಕ್ಕ ಹಗ್ಗ ಬಿಗಿಯಾಕತ್ತಿದ್ದ. ಹಗ್ಗ ಕೈಯಾಗ ಹಿಡಕೊಂಡೇ ನನ್ನ ನೋಡಿದ. ಅವಗ ಮೊದಲೇ ಗೊತ್ತಿತ್ತೋ ಇಲ್ಲೋ, ನಾ ಕೇಳಿಲ್ಲ. ಕೇಳಂಗೂ ಇಲ್ಲ.

ಅನ್ನ ಅಲ್ಲೇ ಬಿಟ್ಟು ಎಂಜಿನಿಯರ್ ಆಫೀಸಿಗೆ ಹೋದೆ. ಹೇಳಿದೆ. ದಾದೇಸಾಬ ನಮಾಜಿಗೆ ಹೋದ ಮ್ಯಾಲ ವಾಲ್ವಿನ ಹಿಡಿಕಿ ನನ್ನ ಕಡೆ ತಿರುವಿದ್ದು ನಾನೇ. ಸ್ವಲ್ಪ ಹೊತ್ತು ಅಂತ ತಿರುವಿದ್ದೆ. ನಮ್ಮ ಕಡೆ ಯಾರು ತಿರುವಂಗಿಲ್ಲ? ಮ್ಯಾಲಿನ ಹೊಲದವ ಮಲಗಿದಾಗ ತೂಬು ಎತ್ತೋದು, ಅವ ಏಳೋದ್ರಾಗ ಇಳಿಸೋದು. ಅದನ್ನ ಕಳವು ಅಂತ ಯಾರೂ ಅನ್ನಂಗಿಲ್ಲ, ಹುಷಾರಿಕಿ ಅಂತಾರ. ಆದ್ರ ಕಾಲವಿಗೆ ಹಿಂದಿನಿಂದ ನೀರು ಬರ್ಕೋತನೇ ಇರ್ತೈತಿ. ಟಾಂಕಿಗೆ ಬರಂಗಿಲ್ಲ. ಅದು ನನ್ನ ತಲಿಗೆ ಹೊಳೀಲಿಲ್ಲ. ಅಷ್ಟರಾಗ ನಿನ್ನ ಫೋನ್ ಬಂತು. ನೀ ನಗಾಕತ್ತಿದ್ದಿ, ನಾ ಮಡಿ ದಂಡಿಗೆ ಕುಂತು ಕೇಳಾಕತ್ತಿದ್ದೆ, ನೀರು ಒಡ್ಡು ಹಾಯ್ದು ಬೆನ್ನ ಹಿಂದ ಬೀಳಾಕತ್ತಿತ್ತು. ನೀ ಕೇಳಿದಾಗ ಹೊಳ್ಳಿ ನೋಡಿದೆ. ಆವಾಗ ಎದ್ದು ಬಂದ್ ಮಾಡಬೇಕಿತ್ತು. ಸಮುದ್ರ ಅಂದೆ, ಮಾತು ಮುಂದುವರಿಸಿದೆ. ಅವನ ಸ್ಲ್ಯಾಬ್ ಒಣಗಲಿ ಅಂತ ಕುಂತಿದ್ದೆ. ಬೋಟ್ ದೂರ ಕಂಡಾಗ ಹೋಗಿ ಹಿಡಿಕಿ ಅವನ ಕಡೆ ಹೊಳ್ಳಿಸಿ ಇಟ್ಟೆ. ಪೂರಾ ತಿರುವಿ ಇಟ್ಟೆ.

ಎಂಜಿನಿಯರ್ ಭಾಳ ಹೊತ್ತು ಬೈದ. ಮಂದಿ ನೀರಡಿಸಿ ಮಲಗಿದ್ದನ್ನ ಎತ್ತಿ ಎತ್ತಿ ಹೇಳಿದ. ನನ್ನನ್ನ ಊರಿಗೆ ಹಾಕ್ತಿದ್ದ, ಆದ್ರ ಜೆಟ್ಟಿಗೆ ಕೈ ಕಡಿಮಿ. ದಾದೇಸಾಬನ್ನ ಊರಿಗೆ ಕಳಸೋದು ಬಿಟ್ಟು, ನಕ್ಷಿ ತಗೊಂಡು ಅವಗ ಕೊಟ್ಟ. ನನಗ ವೈಬ್ರೇಟರ್, ಮಕ್ತುಮ್‌ಸಾಬಗ ಜೋಡಿ. ನಾ ನಿಂದ್ರಂಗಿಲ್ಲ ಅಂದಿದ್ನಲ್ಲ, ಅಲ್ಲೇ ನಿಂತೀನಿ. ಅವನ ಕೈಕೆಳಗ.

ಇವತ್ತು ಮುಂಜಾನಿ ಜೆಟ್ಟಿಯ ಮೊದಲ ಕಂಬದ ತಲಿಗೆ ಕಾಂಕ್ರೀಟ್ ಹಾಕಿದ್ವಿ. ದಾದೇಸಾಬ ನನ್ನ ಮುಂದ ಬಂದು ನಿಂತ. ಬೈತಾನ ಅಂದ್ಕೊಂಡೆ, ಒಂದು ಏಟು ಹೊಡೀತಾನ ಅಂದ್ಕೊಂಡೆ. ಹೊಡೆದಿದ್ರ ಲೆಕ್ಕ ಮುಗೀತಿತ್ತು. ಅವ ಹಸಿರು ಬಕೆಟ್ ಮುಂದ ಹಿಡಿದ.

‘ಫೋನ್ ಹಾಕು,’ ಅಂದ. ಅಷ್ಟ.

ಹಾಕಿದೆ.

ನಾ ಬದಲಾದೆ ಅಂತ ತಿಳೀಬ್ಯಾಡ. ಅವ ಕಂಬದ ಮ್ಯಾಲ ನಿಂತು ಕೈ ಮಾಡಿ ತೋರ್ಸೋದು ನೋಡಿದ್ರ ಈಗೂ ಹೊಟ್ಟ್ಯಾಗ ಕೆಂಡ ಇಟ್ಟಂಗ ಆಗ್ತೈತಿ. ಅವ ಹೇಳಿದ್ದು ಬರೋಬರ್ ಇದ್ದಾಗ ಇನ್ನಾ ಹೆಚ್ಚು. ಮೆಹರಬಾನುಗ ನೀನೇ ಹೇಳು, ಬಸ್ಸಿನಾಗ ಸಿಕ್ಕಾಗ. ಎಲ್ಲಾ ಹೇಳು, ನನ್ನ ಹೆಸರು ಹಿಡಿದೇ ಹೇಳು. ಅವ್ವಗ ಮಾತ್ರ ನಾ ಬಂದ ಮ್ಯಾಲ ಹೇಳ್ತೀನಿ, ಹಂಚಿದ ಸಕ್ಕರಿ ಹೊಳ್ಳಿ ಬರಂಗಿಲ್ಲ.

ನಾಡಿದ್ದು ಶನಿವಾರ ಜೆಟ್ಟಿಯ ಉಳಿದ ಕಂಬಕ್ಕ ಕಾಂಕ್ರೀಟ್. ನಿನ್ನ ಡ್ಯೂಟಿ ಮುಗಿದ ಮ್ಯಾಲ ಫೋನ್ ಮಾಡು. ನನ್ನ ಫೋನ್ ಅವನ ಬಕೆಟ್‌ನಾಗ ಇರ್ತೈತಿ, ಎತ್ತಿದ್ರ ಅವನೇ ಎತ್ತೋದು. ‘ಇನ್ನ ಅರ್ಧ ತಾಸು ತಂಗಿ’ ಅಂತಾನ, ನನಗ ಗೊತ್ತೈತಿ. ಆರಾಮ ಅದೀರೇನ್ರಿ ಅಂತ ಒಂದು ಮಾತು ಕೇಳು, ಕೇಳಬೇಕು. ಆದ್ರ ನಗಬ್ಯಾಡ. ಅವ ಏನರ ಹೇಳಿ ನಗಸ್ತಾನ, ತಡಕೋ. ಭೀಮೇಶಗ ಕೊಡ್ರಿ ಅನ್ನು. ನಿಮ್ಮ ಸಂಜಿ ಆರಕ್ಕ, ಇಲ್ಲಿ ಐದೂವರಿ. ಶನಿವಾರ. ಆರಕ್ಕ ಮಾಡು.

ಭೀಮೇಶ